ಮಣ್ಣು ನೋಡಿ ಪಾಯ, ಗಾಳಿ ನೋಡಿ ಕಿಟಕಿ

ಮನೆ ಕಟ್ಟುವವರ ಪ್ರಶ್ನೆಗಳಿಗೆ ಮೀಸಲಾದ ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳವು. ಬಹುತೇಕ ಎಲ್ಲರ ಆಸೆಯೂ ಒಂದೇ. ಊರಾಚೆಯ ಸ್ವಂತ ಹೊಲದಲ್ಲಿ ಒಂದು ಚಿಕ್ಕ ಮನೆ ಬೇಕು, ರಜೆಯಲ್ಲಿ ಹೋಗಿ ಇರಬೇಕು, ಎಸಿ ಇಲ್ಲದೆ ತಂಪಾಗಿರಬೇಕು, ಸುತ್ತಲ ನೆಲ ಕೆಡಬಾರದು. ನಕ್ಷೆ ಬರೆಸಿದ ಮೇಲೆ ನೆಲ ನೋಡಲು ಹೊರಟವರೇ ಇವರಲ್ಲಿ ಹೆಚ್ಚು. ಆ ಕ್ರಮ ತಿರುಗಬೇಕು.

ಪ್ರಶ್ನೆ: ಚಿತ್ರದುರ್ಗದ ಹತ್ತಿರ ಗುಡ್ಡದ ಬುಡದಲ್ಲಿ ಮೂರು ಎಕರೆ ಇದೆ. ಮೇಲ್ಭಾಗ ಕೆಂಪು ಗರಸು (ಸಣ್ಣಕಲ್ಲು ಬೆರೆತ ಮಣ್ಣು), ನಡುನಡುವೆ ಬಂಡೆ. ಕೆಳಭಾಗ ಕಪ್ಪು ಎರೆ ಮಣ್ಣು. ಎರೆ ಹೊಲ ಮಟ್ಟಸವಾಗಿದೆ, ರಸ್ತೆಗೂ ಹತ್ತಿರ, ಅಲ್ಲೇ ಕಟ್ಟಿ ಎನ್ನುತ್ತಾರೆ ಗುತ್ತಿಗೆದಾರರು. ಮೇಲೆ ಕಟ್ಟುವುದಾದರೆ ಬಂಡೆ ಸಿಡಿಸಿ, ಜೆಸಿಬಿಯಿಂದ ಮಟ್ಟ ಮಾಡಬೇಕಂತೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ಎರೆ ಹೊಲವನ್ನು ಬೆಳೆಗೇ ಬಿಡಿ. ಏಪ್ರಿಲ್ ತಿಂಗಳಲ್ಲಿ ಅಲ್ಲಿ ಒಂದು ಸುತ್ತು ನಡೆದು ನೋಡಿ, ಅಂಗೈ ಇಳಿಯುವಷ್ಟು ಅಗಲದ ಬಿರುಕು ಕಾಣುತ್ತದೆ. ಮಳೆ ಬಿದ್ದ ಮೇಲೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಅದರ ಮೇಲೆ ಮನೆ ಕೂತರೆ ಹೊರಗೋಡೆಯ ಕೆಳಗಿನ ಮಣ್ಣು ನೆನೆದು ಮೇಲೇಳುತ್ತದೆ, ನಡುಮನೆಯ ಕೆಳಗಿನದು ಒಣಗಿದ್ದಲ್ಲೇ ಇರುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಹುಟ್ಟುವುದು ಈ ಎಳೆದಾಟದಲ್ಲೇ. ಎಷ್ಟು ಸಲ ಸಿಮೆಂಟ್ ತುಂಬಿದರೂ ಮುಂದಿನ ಬೇಸಗೆಗೆ ಅದು ಮತ್ತೆ ಬಾಯಿ ಬಿಡುತ್ತದೆ. ಎರೆಯಲ್ಲೇ ಕಟ್ಟಬೇಕಾದವರು ತಳದಲ್ಲಿ ಗುಬುಟು (ಉಬ್ಬು) ಇರುವ, ನೆಲದೊಳಗೆ ಕಂಬದಂತೆ ನಿಲ್ಲುವ ಕಾಂಕ್ರೀಟ್ ಪೈಲ್‌ಗಳನ್ನು ಸುಮಾರು 11–12 ಅಡಿ ಆಳಕ್ಕೆ ಇಳಿಸಿ, ಅವುಗಳ ಮೇಲೆ ಬೀಮ್ ಕೂರಿಸಿ ಗೋಡೆ ಎಬ್ಬಿಸಬೇಕು. ಗರಸು ನೆಲ ಕೈಯಲ್ಲೇ ಇರುವ ನಿಮಗೆ ಆ ಖರ್ಚು ಏಕೆ?

ಗರಸಿನಲ್ಲಿ ಗಟ್ಟಿ ನೆಲ ಸಿಕ್ಕುವವರೆಗೆ, ಸಾಮಾನ್ಯವಾಗಿ 3 ಅಡಿ, ಪಾಯ ತೆಗೆದು ಸೈಜುಗಲ್ಲಿನಲ್ಲಿ ಕಟ್ಟಿದರೆ ಒಂದಂತಸ್ತಿನ ಮನೆಗೆ ಸಾಕು. ಇಳಿಜಾರನ್ನು ಕಡಿದು ಮಟ್ಟ ಮಾಡಬೇಡಿ. ಕಡಿದ ಕಡೆ ಗಟ್ಟಿ ನೆಲ, ತುಂಬಿದ ಕಡೆ ಸಡಿಲ ಮಣ್ಣು, ಎರಡರ ಮೇಲೂ ಒಂದೇ ಗೋಡೆ ನಿಂತರೆ ತುಂಬಿದ ಕಡೆ ಕುಸಿಯುತ್ತದೆ. ಮನೆಯ ಉದ್ದವನ್ನು ಇಳಿಜಾರಿಗೆ ಅಡ್ಡವಾಗಿ ಇಡಿ. ಅಡುಗೆಮನೆ, ಪಡಸಾಲೆ ಒಂದು ಮಟ್ಟದಲ್ಲಿ, ಮಲಗುವ ಕೋಣೆ ಮೂರು ಮೆಟ್ಟಿಲು, ಅಂದರೆ ಒಂದೂವರೆ ಅಡಿ ಮೇಲೆ ಬರಲಿ. ಅಗೆತವೂ ತುಂಬುವ ಮಣ್ಣೂ ಗಣನೀಯವಾಗಿ ತಗ್ಗುತ್ತವೆ. ಮನೆಯ ಮೇಲ್ಭಾಗಕ್ಕೆ ಹತ್ತು ಅಡಿ ದೂರದಲ್ಲಿ ಒಂದೂವರೆ ಅಡಿ ಅಗಲ, ಒಂದು ಅಡಿ ಆಳದ ಕಾಲುವೆ ತೆಗೆದು ಗುಡ್ಡದ ನೀರನ್ನು ಎರಡೂ ಪಕ್ಕಕ್ಕೆ ತಿರುಗಿಸಿ.

ಇನ್ನು ಬಂಡೆ. ಪಾಯದ ಒಂದು ಮೂಲೆ ಹಾಸುಬಂಡೆಯ ಮೇಲೆ, ಉಳಿದದ್ದು ಮಣ್ಣಿನ ಮೇಲೆ ಕೂರುವುದೇ ಇಲ್ಲಿನ ದೊಡ್ಡ ತಪ್ಪು. ಬಂಡೆ ಅಲುಗುವುದಿಲ್ಲ, ಮಣ್ಣು ಕೂರುತ್ತದೆ, ಗೋಡೆ ಸೀಳುತ್ತದೆ. ಆದ್ದರಿಂದ ಕಬ್ಬಿಣದ ಸಲಾಕೆ ಇಳಿಸಿ ಬಂಡೆ ಎಲ್ಲಿವರೆಗೆ ಇದೆ ಎಂದು ಮೊದಲೇ ಗುರುತು ಹಾಕಿ. ಮನೆ ಪೂರ್ತಿ ಬಂಡೆಯ ಮೇಲಾದರೂ ಬರಲಿ, ಪೂರ್ತಿ ಗರಸಿನ ಮೇಲಾದರೂ ಬರಲಿ. ಎದ್ದು ನಿಂತ ಗುಂಡು ನಿಮ್ಮ ಪಾಲಿಗೆ ಆಸ್ತಿ. ಅದರ ಪಡುವಣ ಮೈ ಮಧ್ಯಾಹ್ನದ ಬಿಸಿಲು ಕುಡಿದು ರಾತ್ರಿ ಬಹಳ ಹೊತ್ತಿನವರೆಗೆ ಶಾಖ ಬಿಡುತ್ತಿರುತ್ತದೆ, ಆ ಮೈಗೆ ಹದಿನೈದು ಅಡಿಗಿಂತ ಹತ್ತಿರ ಮಲಗುವ ಕೋಣೆ ಬೇಡ. ಮೂಡಣ ಮೈಯ ಪಕ್ಕ ಮೂರು ಗಂಟೆಯಿಂದಲೇ ನೆರಳು ಬೀಳುತ್ತದೆ. ಪಡಸಾಲೆ ಅಲ್ಲಿಗೆ ಬರಲಿ. ಸಿಡಿಸಿದರೆ ಆ ನೆರಳು ಮತ್ತೆ ಬರುವುದಿಲ್ಲ.

ಗುರುತು ಹಾಕುವ ಮೊದಲು ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಹೊಲ ಸುತ್ತಿ, ನೀರು ಹರಿದ ದಾರಿಗೆ ಗೂಟ ನೆಡಿ. “ಈ ಹಳ್ಳದಲ್ಲಿ ನೀರು ಬಂದದ್ದೇ ನೋಡಿಲ್ಲ” ಎಂಬ ಮಾತನ್ನು ನಂಬಬೇಡಿ. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಎರಡು ತಲೆಮಾರು ಕಳೆದಿತ್ತು.

ಪ್ರಶ್ನೆ: ನಮ್ಮ ಹೊಲದ ಕೆಂಪು ಮಣ್ಣಿನಿಂದಲೇ ಇಟ್ಟಿಗೆ ಒತ್ತಿ ಸಾವಿರ ಚದರಡಿ ಮನೆ ಕಟ್ಟಬಹುದೇ? ನೆರೆಯವರು ಒತ್ತಿಸಿದ ಮಣ್ಣಿನ ಇಟ್ಟಿಗೆಯ ಅಂಚು ಈಗಲೇ ಉದುರುತ್ತಿದೆ. — ಹೊಳಲ್ಕೆರೆ

ಉತ್ತರ: ಕಟ್ಟಬಹುದು. ಇದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದ ಸಂಶೋಧನೆಯಿಂದ ನಮ್ಮಲ್ಲಿ ಹರಡಿದ ವಿಧಾನ. ಸುಡುವ ಕೆಲಸವಿಲ್ಲ, ಸೌದೆ ಬೇಕಿಲ್ಲ. ಆದರೆ ಮಣ್ಣಿನ ಹದ ತಪ್ಪಿದರೆ ನೆರೆಯವರಿಗೆ ಆದದ್ದೇ ಆಗುತ್ತದೆ.

ಮೇಲಿನ ಒಂದು ಅಡಿ ಮಣ್ಣನ್ನು ತೆಗೆದು ತೋಟಕ್ಕೆ ಹಾಕಿ. ಬೇರು, ಗೊಬ್ಬರ ಇರುವ ಆ ಮಣ್ಣು ಇಟ್ಟಿಗೆಗೆ ಆಗದು. ಕೆಳಗಿನ ಮಣ್ಣನ್ನು ನೇರ ಗೋಡೆಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ತುಂಬಿ, ನೀರು ಮತ್ತು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ. ಒಂದು ಗಂಟೆ ಬಿಟ್ಟು ಮತ್ತೊಮ್ಮೆ ಕುಲುಕಿ, ಮರುದಿನದವರೆಗೆ ಅಲುಗಿಸದೆ ಇಡಿ. ತಳದಲ್ಲಿ ಮರಳು, ಅದರ ಮೇಲೆ ನುಣುಪು ಪುಡಿ, ಎಲ್ಲಕ್ಕೂ ಮೇಲೆ ಜೇಡಿಯ ತೆಳು ಪದರ ಕೂರುತ್ತದೆ. ಸ್ಕೇಲ್ ಹಿಡಿದು ಅಳೆಯಿರಿ. ಮರಳು ಶೇ. 60–70, ಜೇಡಿ ಶೇ. 10–15 ಇದ್ದರೆ ಹದವಾದ ಮಣ್ಣು. ಜೇಡಿ ಹೆಚ್ಚಿದ್ದರೆ ಕ್ರಷರ್ ಪುಡಿ ಬೆರೆಸಿ ತಗ್ಗಿಸಿ. ಸಿಮೆಂಟ್ ಹೆಚ್ಚು ಸುರಿದು ಜೇಡಿಯ ದೋಷ ಮುಚ್ಚಲು ಹೋಗುವುದು ದುಡ್ಡು ನೀರಿಗೆ ಹಾಕಿದ ಹಾಗೆ, ಇಟ್ಟಿಗೆ ಒಣಗುವಾಗ ಕುಗ್ಗಿ ಸೀಳುವುದು ಸೀಳಿಯೇ ತೀರುತ್ತದೆ. ಎರೆ ಮಣ್ಣನ್ನು ಇದಕ್ಕೆ ಮುಟ್ಟಲೇಬೇಡಿ.

ಮಣ್ಣನ್ನು 5 ಮಿ.ಮೀ. ಜರಡಿಯಲ್ಲಿ ಹಿಡಿದು, ಒಣಗಿದ್ದಾಗಲೇ ಶೇ. 7ರಷ್ಟು ಸಿಮೆಂಟ್ ಬೆರೆಸಿ, ಆಮೇಲೆ ನೀರು ಚಿಮುಕಿಸಿ. ನೀರಿನ ಹದ ನೋಡಲು ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಹೋಳಾದರೆ ಹದ ಸರಿ. ಚಪ್ಪಟೆಯಾಗಿ ಕೂತರೆ ನೀರು ಹೆಚ್ಚು, ಪುಡಿಪುಡಿಯಾದರೆ ಕಡಿಮೆ. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು. ಬೆಳಿಗ್ಗೆ ಕಲಸಿ ಊಟದ ಮೇಲೂ ಅದನ್ನೇ ಒತ್ತುವ ಕಡೆ ಸಿಮೆಂಟ್ ಸತ್ತು ಹೋಗಿರುತ್ತದೆ. ಪ್ರತಿ ಇಟ್ಟಿಗೆಯ ಮಣ್ಣನ್ನೂ ತಕ್ಕಡಿಯಲ್ಲಿ ತೂಗಿ ಅಚ್ಚಿಗೆ ಹಾಕಿಸಿ. ಬಾಂಡಲಿ ಲೆಕ್ಕದಲ್ಲಿ ಹಾಕಿದರೆ ಒಂದು ಇಟ್ಟಿಗೆ ಗಟ್ಟಿ, ಇನ್ನೊಂದು ಮೆದು.

ನೆರೆಯವರ ಇಟ್ಟಿಗೆಯ ಅಂಚು ಉದುರಲು ಬಹುಪಾಲು ಕಾರಣ ನೀರುಣಿಸದಿರುವುದು. ನಮ್ಮ ಬಯಲಿನ ಗಾಳಿಗೆ ಹಸಿ ಇಟ್ಟಿಗೆಯ ಮೈ ಒಂದೇ ದಿನದಲ್ಲಿ ಒಣಗುತ್ತದೆ, ಒಳಗೆ ಸಿಮೆಂಟ್ ಇನ್ನೂ ಕಚ್ಚಿರುವುದಿಲ್ಲ. ಮೊದಲ ಎರಡು ದಿನ ಪ್ಲಾಸ್ಟಿಕ್ ಹಾಳೆ ಮುಚ್ಚಿ, ನಂತರ ಹುಲ್ಲು ಅಥವಾ ಗೋಣಿಚೀಲ ಹೊದಿಸಿ 21 ದಿನ ತೇವ ಆರದಂತೆ ನೋಡಿಕೊಳ್ಳಿ. ಗೋಡೆಗೆ ಏರಿಸುವ ಮೊದಲು ಹತ್ತಿಪ್ಪತ್ತನ್ನು ಆರಿಸಿ ಒಂದು ದಿನ ನೀರಿನಲ್ಲಿ ಮುಳುಗಿಸಿಡಿ. ಮೊಳೆಯಲ್ಲಿ ಗೀರಿದರೆ ಗೀಟು ಮಾತ್ರ ಬೀಳಬೇಕು, ಮಣ್ಣು ಎದ್ದು ಬಂದರೆ ಆ ತಂಡದ ಇಟ್ಟಿಗೆ ಕಾಂಪೌಂಡಿಗೂ ಬೇಡ.

230 × 190 × 100 ಮಿ.ಮೀ. ಅಳತೆಯ ಇಟ್ಟಿಗೆಯಲ್ಲಿ ಒಂಬತ್ತು ಅಂಗುಲ ಗೋಡೆ ಕಟ್ಟಿದರೆ ಚದರ ಮೀಟರಿಗೆ 45 ಬೇಕು. ನಿಮ್ಮ ಮನೆಗೆ ಅಂದಾಜು 7,000. ಒಂದು ಚೀಲ ಸಿಮೆಂಟಿಗೆ ಸುಮಾರು 90 ಇಟ್ಟಿಗೆ ಬರುವುದರಿಂದ 80 ಚೀಲ ಹಿಡಿಯಿರಿ. ಅಷ್ಟು ಮಣ್ಣು ತೆಗೆದ ಜಾಗ 20 ಅಡಿ ಚೌಕ, 4 ಅಡಿ ಆಳದ ಗುಂಡಿಯಾಗುತ್ತದೆ. ಅದನ್ನು ಮನೆಗಿಂತ ತಗ್ಗಿನಲ್ಲಿ, ನೀರು ಹರಿದು ಬರುವ ಕಡೆ ತೆಗೆದರೆ ಕೃಷಿಹೊಂಡದ ಕೆಲಸವೂ ಅಲ್ಲಿಗೇ ಮುಗಿಯಿತು. ಗಾರೆಗೆ 1 ಸಿಮೆಂಟ್, 2 ಮಣ್ಣು, 6 ಮರಳು ಸಾಕು. ಇಟ್ಟಿಗೆಗಿಂತ ಗಾರೆ ಗಡುಸಾಗಿರಬಾರದು.

ಪ್ರಶ್ನೆ: ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಜ್ಜನ ಕಾಲದ, ಮಣ್ಣು ಹೊದಿಸಿದ ಮಟ್ಟಸ ಸೂರಿನ ಮಾಳಿಗೆ ಮನೆ ಇದೆ. ಒಳಗೆ ತಂಪು, ಆದರೆ ಸೋರುತ್ತದೆ, ತೊಲೆ ಬಾಗಿದೆ. ಮೇಲೆ ನಾಲ್ಕಂಗುಲ ಕಾಂಕ್ರೀಟ್ ಹಾಕಿಸಿಬಿಡಿ ಎನ್ನುತ್ತಾರೆ ಮೇಸ್ತ್ರಿ. ಹಾಕಿಸಲೇ, ಕೆಡವಲೇ?

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ಈ ಬಿಸಿಲು ಸೀಮೆಗೆ ಮಾಳಿಗೆಗಿಂತ ಒಪ್ಪುವ ಸೂರು ಸಿಗುವುದು ಕಷ್ಟ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ದುರಸ್ತಿಯ ದಾರಿಯೂ ಕಾಣುತ್ತದೆ.

ತೊಲೆ, ಅದರ ಮೇಲೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಮರದ ಚಕ್ಕೆ ಅಥವಾ ಬಿದಿರ ದಬ್ಬೆ, ಅದರ ಮೇಲೆ ಸೊಪ್ಪು ಹಾಸಿ ಮಣ್ಣು, ಎಲ್ಲಕ್ಕೂ ಮೇಲೆ ಸೌಳು ಮಣ್ಣು. ಆ ಸೌಳಿನಲ್ಲೇ ಗುಟ್ಟಿದೆ. ಸೋಡಿಯಂ ಹೆಚ್ಚಿರುವ ಆ ಮಣ್ಣಿನ ಜೇಡಿ ಮಳೆ ತಾಗಿದೊಡನೆ ನುಣ್ಣಗೆ ಬಿಚ್ಚಿಕೊಂಡು ಸಂದುಗಳನ್ನೆಲ್ಲ ತುಂಬಿಬಿಡುತ್ತದೆ, ನೀರು ಕೆಳಗಿಳಿಯದೆ ಮೇಲೆಯೇ ಹರಿದು ದೋಣಿಯಿಂದ (ಸೂರಿನ ನೀರು ಹೊರಬೀಳುವ ಕೊಳವೆ) ಬೀಳುತ್ತದೆ. ಬೆಳೆ ಬಾರದ ಮಣ್ಣು ಮಾಳಿಗೆಗೆ ಬಂಗಾರ.

ತೊಂದರೆ ಬರುವುದು ತೂಕದಿಂದ. ಮುಂಗಾರಿಗೆ ಮುಂಚೆ ಹೊಸ ಮಣ್ಣು ಹಾಕುತ್ತಾ ಹಳೆಯದನ್ನು ತೆಗೆಯದೆ ಬಿಟ್ಟರೆ ವರ್ಷವರ್ಷವೂ ಪದರ ಬೆಳೆಯುತ್ತದೆ. ಒಂದಂಗುಲ ಮಣ್ಣು ಚದರಡಿಗೆ ಸುಮಾರು 4 ಕೆ.ಜಿ. ತೂಗುತ್ತದೆ. ಒಂದೂವರೆ ಅಡಿ ಕೂತಿದ್ದರೆ 10 × 12 ಅಡಿಯ ಕೋಣೆಯೊಂದರ ಮೇಲೇ ಎಂಟು ಟನ್. ಇದರ ಮೇಲೆ ಕಾಂಕ್ರೀಟ್ ಸುರಿದರೆ ತೂಕ ಇನ್ನೂ ಏರುತ್ತದೆ, ಒಳಗಿನ ತೇವ ಹೊರಗೆ ಹೋಗಲಾರದೆ ಚಕ್ಕೆ, ಜಂತೆ ಕೊಳೆಯುತ್ತವೆ. ಪ್ಲಾಸ್ಟಿಕ್ ಹೊದಿಸಿದರೂ ಅದೇ ಕತೆ.

ಫೆಬ್ರವರಿ–ಮಾರ್ಚ್‌ನಲ್ಲಿ ಕೆಲಸ ಹಿಡಿಯಿರಿ. ಮೊದಲು ಒಳಗಿನಿಂದ ಬಾಗಿದ ತೊಲೆಗಳಿಗೆ ಆನಿಕೆ ಕೊಡಿ. ನಂತರ ಮೇಲಿನ ಮಣ್ಣನ್ನು ಇಡೀ ಮಾಳಿಗೆಯ ಮೇಲೆ ಸಮನಾಗಿ, ಪದರ ಪದರವಾಗಿ ತೆಗೆಸಿ. ಒಂದೇ ಪಕ್ಕ ಖಾಲಿ ಮಾಡಿದರೆ ಗೋಡೆಯ ಮೇಲಿನ ಭಾರ ಓರೆಯಾಗುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ, ತೇವ ಮತ್ತು ಗೆದ್ದಲು ಸೇರುವುದು ಅಲ್ಲೇ. ಕಾಲಂಗುಲಕ್ಕಿಂತ ಸುಲಭವಾಗಿ ಇಳಿದರೆ ತುದಿ ಟೊಳ್ಳು. ತೊಲೆ ಪೂರ್ತಿ ಬದಲಿಸಬೇಕಿಲ್ಲ, ಗೋಡೆಗೆ ಅಂಟಿದಂತೆ ಕಲ್ಲಿನ ಕಂಬ, ಮೇಲೆ ಬೋದಿಗೆ (ತೊಲೆ ಕೂರುವ ದಿಂಡು) ಕೊಟ್ಟು ಹೊರಿಸಬಹುದು. ಹನ್ನೆರಡು ಅಡಿಯ ತೊಲೆಗೆ ದಾರ ಕಟ್ಟಿ ನೋಡಿದಾಗ ಒಂದಂಗುಲಕ್ಕಿಂತ ಹೆಚ್ಚು ಬಾಗಿದ್ದರೆ ನಡುವೆಯೂ ಕಂಬ ಬೇಕು.

ಮತ್ತೆ ಮಣ್ಣು ಹಾಕುವಾಗ ಒಟ್ಟು ಆರೇಳು ಅಂಗುಲ ಸಾಕು. ದೋಣಿಯ ಕಡೆಗೆ ನಾಲ್ಕು ಅಡಿಗೆ ಒಂದಂಗುಲ ಇಳಿಜಾರು ಕೊಡಿ. ದೋಣಿ ಗೋಡೆಯಿಂದ ಒಂದೂವರೆ ಅಡಿ ಹೊರಗೆ ಚಾಚಿರಲಿ, ಇಲ್ಲವಾದರೆ ಮಣ್ಣಿನ ಗೋಡೆಯ ಬುಡ ತೊಳೆದು ಹೋಗುತ್ತದೆ. ಸೂರಿನ ಬೆಳಕಿಂಡಿಯಾದ ಗವಾಕ್ಷಿಗೆ ಆರಂಗುಲ ಎತ್ತರದ ಕಟ್ಟೆ ಎತ್ತಿ, ಮೇಲೆ ಗಾಜು, ಪಕ್ಕದಲ್ಲಿ ಜಾಲರಿ ಇಟ್ಟರೆ ಬೆಳಕೂ ಬರುತ್ತದೆ, ಬಿಸಿ ಗಾಳಿಯೂ ಹೊರಡುತ್ತದೆ. ಮುಂದೆ ಪ್ರತಿ ವರ್ಷ ಅರ್ಧ ಅಂಗುಲ ಕೆರೆದು ಅರ್ಧ ಅಂಗುಲ ಹಾಕಿ. ಹುಲ್ಲು, ಗಿಡ ಮೊಳೆತರೆ ಎಳೆಯದಾಗಿದ್ದಾಗಲೇ ಕೀಳಿ, ಬೇರು ಇಳಿದ ದಾರಿಯಲ್ಲೇ ನೀರು ಇಳಿಯುತ್ತದೆ.

ಪ್ರಶ್ನೆ: ನಮ್ಮದು ಗಾಳಿಯಂತ್ರಗಳಿರುವ ಗುಡ್ಡದ ಸಾಲಿಗೆ ಎದುರಾಗಿರುವ ಜಾಗ. ಪಶ್ಚಿಮಕ್ಕೆ ಸೊಗಸಾದ ನೋಟ ಇದೆ. ಆ ಕಡೆಗೇ ದೊಡ್ಡ ಗಾಜಿನ ಕಿಟಕಿ ಇಡಬೇಕೆಂಬ ಆಸೆ.

ಉತ್ತರ: ನೋಟಕ್ಕಾಗಿ ಪಡಸಾಲೆ ಇಡಿ, ಗಾಜು ಬೇಡ. ಸಂಜೆಯ ಬಿಸಿಲು ಓರೆಯಾಗಿ ಬರುವುದರಿಂದ ಪಡುವಣ ಕಿಟಕಿಗೆ ಸಜ್ಜಾ ಎಷ್ಟು ಚಾಚಿದರೂ ತಡೆಯದು. ಎಂಟು ಅಡಿ ಅಗಲದ ಪಡಸಾಲೆ, ಅದರ ಅಂಚಿಗೆ ಬಿದಿರಿನ ತಟ್ಟಿ, ಹಿಂದೆ ಕಿರಿದಾದ ಕಿಟಕಿ, ಇದು ಸರಿಯಾದ ಜೋಡಣೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮಳೆ ಎರಡೂ ಹೊಡೆಯುವುದು ಪಡುವಣ, ನೈರುತ್ಯದಿಂದ. ಆ ಗೋಡೆಯ ಕಿಟಕಿಗೆ ಮರದ ಗಟ್ಟಿ ಬಾಗಿಲು ಇರಲಿ.

ಚಿತ್ರದುರ್ಗ ಉತ್ತರ ಅಕ್ಷಾಂಶ 14 ಡಿಗ್ರಿಯಲ್ಲಿದೆ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವಿನಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ಜೂನ್‌ನಲ್ಲಿ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ. ಹಾಗಾಗಿ ಉತ್ತರದ ಕಿಟಕಿಗೂ ಸಜ್ಜಾ ಬೇಕು. ದಕ್ಷಿಣಕ್ಕೆ ಎರಡೂವರೆ ಅಡಿಯ ಸಜ್ಜಾ ಇದ್ದರೆ ಡಿಸೆಂಬರ್ ನಡುಹಗಲಲ್ಲೂ ಕೆಳಗೆ ಸುಮಾರು ಮೂರು ಅಡಿ ನೆರಳು ಸಿಗುತ್ತದೆ. ಬೇಸಗೆಯಲ್ಲಿ ಹಗಲು ಹತ್ತರಿಂದ ಐದರವರೆಗೆ ಕಿಟಕಿ ಮುಚ್ಚಿ, ರಾತ್ರಿಯಿಡೀ ತೆರೆದಿಡುವಂತೆ ಎಲ್ಲ ಕಿಟಕಿಗೂ ಜಾಲರಿ, ಸರಳು ಹಾಕಿಸಿ. ದಪ್ಪ ಗೋಡೆ ರಾತ್ರಿ ಆರಿದರೆ ಮಾತ್ರ ಮರುದಿನ ತಂಪು ಕೊಡುತ್ತದೆ. ಮಂಗಳೂರು ಹೆಂಚು ಹಾಕುವುದಾದರೆ ಅಂಚಿನ ಎರಡು ಸಾಲನ್ನು ತಂತಿಯಿಂದ ರೀಪಿಗೆ ಬಿಗಿಸಿ, ಇಳಿಮಾಡು ಎರಡು ಅಡಿಗಿಂತ ಹೊರಚಾಚದಿರಲಿ. ಗಾಳಿ ಹೆಂಚನ್ನು ಎತ್ತುವುದು ಕೆಳಗಿನಿಂದ.

ಪ್ರಶ್ನೆ: ಚಳ್ಳಕೆರೆ ಕಡೆ ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2.4 ಮಿ.ಗ್ರಾಂ ಬಂದಿದೆ. ಕುದಿಸಿ ಕುಡಿದರೆ ಸಾಕೇ? ಇಷ್ಟು ಕಡಿಮೆ ಮಳೆಯಲ್ಲಿ ಮಳೆನೀರು ನಂಬಬಹುದೇ?

ಉತ್ತರ: ಕುದಿಸುವುದು ತಪ್ಪು. ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ಇನ್ನಷ್ಟು ಗಾಢವಾಗುತ್ತದೆ. ಕುಡಿಯುವ ನೀರಿಗೆ ಮಿತಿ 1 ಮಿ.ಗ್ರಾಂ, ಬೇರೆ ಮೂಲ ಇಲ್ಲದಾಗ 1.5. ಮಕ್ಕಳಿರುವ ಮನೆಯಲ್ಲಿ ನಿಮ್ಮ ನೀರನ್ನು ಕುಡಿಯಲು, ಅಡುಗೆಗೆ ಒಂದು ದಿನವೂ ಬಳಸಬೇಡಿ. ಸ್ನಾನಕ್ಕೆ, ಬಟ್ಟೆಗೆ, ಗಿಡಕ್ಕೆ ಅಡ್ಡಿಯಿಲ್ಲ.

ಮಳೆನೀರು ಧಾರಾಳವಾಗಿ ಸಾಕು. ವರ್ಷಕ್ಕೆ ಬರೀ 400 ಮಿ.ಮೀ. ಬಿತ್ತೆಂದೇ ಲೆಕ್ಕ ಹಾಕಿ, ಶೇ. 15 ನಷ್ಟ ಕಳೆದರೂ ಸಾವಿರ ಚದರಡಿ ಸೂರಿನಿಂದ 31,000 ಲೀಟರ್ ಸಿಗುತ್ತದೆ. ನಾಲ್ಕು ಜನರ ಕುಡಿಯುವ, ಅಡುಗೆಯ ನೀರು ದಿನಕ್ಕೆ 20 ಲೀಟರ್, ಮಳೆಯಿಲ್ಲದ ಎಂಟು ತಿಂಗಳಿಗೆ 4,800. ನೆಂಟರಿಷ್ಟರನ್ನೂ ಸೇರಿಸಿ 10,000 ಲೀಟರಿನ ಸಂಪ್ ಕಟ್ಟಿಸಿ, ಒಳಅಳತೆ 8 × 8 ಅಡಿ, ಆಳ ಐದೂವರೆ ಅಡಿ. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ, ಮುಚ್ಚಳ ಬಿಗಿಯಾಗಿರಲಿ, ಉಕ್ಕಿ ಹರಿಯುವ ಪೈಪಿನ ಬಾಯಿಗೆ ಸೊಳ್ಳೆ ಜಾಲರಿ ಇರಲಿ.

ಸೂರಿನ ಧೂಳು, ಹಕ್ಕಿ ಹಿಕ್ಕೆ ಹೊತ್ತು ಬರುವ ಮೊದಲ 200 ಲೀಟರ್ ಸಂಪಿಗೆ ಹೋಗಬಾರದು. ಇಳಿಪೈಪಿಗೆ ‘ಟಿ’ ಹಾಕಿ ಆ ನೀರನ್ನು ಒಂದು ಡ್ರಮ್ಮಿಗೆ ಇಳಿಸಿ, ಡ್ರಮ್ ತುಂಬಿದ ಮೇಲೆ ನೀರು ತಾನಾಗಿ ಜಲ್ಲಿ–ಮರಳು–ಇದ್ದಿಲಿನ ಸೋಸುಗಕ್ಕೆ ತಿರುಗುತ್ತದೆ. ಡ್ರಮ್ಮಿನ ತಳದ ನಲ್ಲಿಯನ್ನು ಪ್ರತಿ ಮಳೆಯ ನಂತರ ಬಿಟ್ಟು ಖಾಲಿ ಮಾಡಲೇಬೇಕು. ಇದನ್ನು ಮರೆತ ಮನೆಗಳಲ್ಲಿ ಎರಡನೇ ಮಳೆಯ ಕೊಳೆಯೆಲ್ಲ ನೇರ ಸಂಪಿಗೆ ಇಳಿಯುತ್ತದೆ. ಮಳೆನೀರನ್ನು ಮಾತ್ರ ಕುದಿಸಿ ಕುಡಿಯಿರಿ, ಅದರಲ್ಲಿ ಕೊಲ್ಲಬೇಕಾದದ್ದು ಸೂಕ್ಷ್ಮಾಣುಗಳು, ಕುದಿಸಿದರೆ ಅವು ಸಾಯುತ್ತವೆ.

ಸಂಪ್ ತುಂಬಿದ ಮೇಲಿನ ನೀರಿಗೆ ಮುಂದಿನ ನೆಲೆ ಈಗಲೇ ಗೊತ್ತು ಮಾಡಿ. ದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡ, ಹಾಗೇ ಇಳಿಯುತ್ತಾ ಊರೊಳಗಿನ ಸಂತೆಹೊಂಡ. ನಿಮ್ಮ ಹೊಲಕ್ಕೂ ಅದೇ ಕ್ರಮ ಇರಲಿ, ಸಂಪಿನಿಂದ ಬೋರ್‌ವೆಲ್ ಪಕ್ಕದ ಇಂಗುಗುಂಡಿ, ಅಲ್ಲಿಂದ ಕೃಷಿಹೊಂಡ. ಶೌಚದ ಜೋಡಿ ಗುಂಡಿಗಳು ಮಾತ್ರ ಬೋರ್‌ವೆಲ್‌ನಿಂದ 50 ಅಡಿ ದೂರದಲ್ಲಿ, ತಗ್ಗಿನಲ್ಲಿರಲಿ.

ಪ್ರಶ್ನೆ: ಹರಿಹರದ ಹತ್ತಿರ ಭದ್ರಾ ಅಚ್ಚುಕಟ್ಟಿನ ತೋಟದಲ್ಲಿ ಕಟ್ಟಿದ ಮನೆಯ ಗೋಡೆ ಮೂರು ಅಡಿವರೆಗೆ ಸದಾ ಒದ್ದೆ. ಎರಡು ಸಲ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರೂ ಉಬ್ಬಿ ಬೀಳುತ್ತಿದೆ.

ಉತ್ತರ: ಸುತ್ತ ಗದ್ದೆಗೆ ನೀರು ನಿಲ್ಲಿಸಿದಾಗ ನೆಲದ ನೀರು ಪಾಯದವರೆಗೆ ಏರುತ್ತದೆ, ಇಟ್ಟಿಗೆ ಅದನ್ನು ಬತ್ತಿಯಂತೆ ಎಳೆಯುತ್ತದೆ. ಸಿಮೆಂಟ್ ಪ್ಲಾಸ್ಟರ್ ಆ ತೇವಕ್ಕೆ ಹೊರದಾರಿ ಮುಚ್ಚುವುದರಿಂದ ಅದು ಇನ್ನೂ ಮೇಲೇರುತ್ತದೆ, ಜೊತೆಗೆ ಬಂದ ಉಪ್ಪು ಒಳಗೆ ಹರಳುಗಟ್ಟಿ ಪ್ಲಾಸ್ಟರನ್ನು ತಳ್ಳುತ್ತದೆ. ಮೊದಲು ಹೊರಗಡೆ ನೋಡಿ. ಅಂಗಳಕ್ಕೆ ಮಣ್ಣು ತುಂಬಿ ಎತ್ತರಿಸಿದ್ದೀರಾ? ಹಾಗಿದ್ದರೆ ಪಾಯದ ಮೇಲಿನ ತೇವ ತಡೆಯುವ ಪಟ್ಟಿ ಮಣ್ಣೊಳಗೆ ಹೂತು ಹೋಗಿದೆ, ಆ ಮಣ್ಣನ್ನು ಪಟ್ಟಿಗಿಂತ ಆರಂಗುಲ ಕೆಳಗಿನವರೆಗೆ ತೆಗೆಯಿರಿ. ಗೋಡೆಯಿಂದ ನಾಲ್ಕು ಅಡಿ ದೂರದಲ್ಲಿ ಎರಡು ಅಡಿ ಆಳದ ಕಾಲುವೆ ತೋಡಿ, ತೂತಿರುವ ಪೈಪ್ ಇಟ್ಟು ಜಲ್ಲಿ ತುಂಬಿ, ನೂರು ಅಡಿಗೆ ಒಂದು ಅಡಿ ಇಳಿಜಾರಿನಲ್ಲಿ ಬಸಿಗಾಲುವೆಗೆ ಕೂಡಿಸಿ. ಗೋಡೆ ಒಂದು ಬೇಸಗೆ ಪೂರ್ತಿ ಬರಿಮೈಯಲ್ಲಿ ಆರಲಿ. ಆಮೇಲೆ ಕೆಳಗಿನ ನಾಲ್ಕು ಅಡಿಗೆ ಸುಣ್ಣದ ಗಾರೆ ಮಾತ್ರ ಹಚ್ಚಿಸಿ. ಹೊಸದಾಗಿ ಕಟ್ಟುವವರು ಗದ್ದೆಯ ಬದುವಿಗಿಂತ ಮೂರು ಅಡಿ ಮೇಲೆ ನೆಲಗಟ್ಟು ತರಲಿ.

ಪ್ರಶ್ನೆ: ಮನೆ ಸುತ್ತ ಲಾನ್ ಬೇಡವೆಂದರೆ ಏನು ಬೆಳೆಸಲಿ?

ಉತ್ತರ: ಪಡುವಣಕ್ಕೆ ಬೇವು, ಹೊಂಗೆ, ಹುಣಸೆ, ಗೋಡೆಯಿಂದ ಇಪ್ಪತ್ತು ಅಡಿ ಆಚೆಗೆ. ಗರಸು ನೆಲಕ್ಕೆ ಕಮರ, ತುಗ್ಗಲಿ, ಸೀತಾಫಲ. ಜೂನ್‌ನಲ್ಲಿ ನೆಟ್ಟು ಎರಡು ಬೇಸಗೆ ಮಾತ್ರ ನೀರು ಕೊಡಿ. ತಂಗಡಿ ತಾನಾಗಿ ಬಂದರೆ ಕೀಳಬೇಡಿ, ಅದರ ಹಳದಿ ಹೂವಿಗೆ ಜೇನು ಬರುತ್ತದೆ. ಸ್ನಾನದ ನೀರಿಗೆ ಬಾಳೆ.

ಪ್ರಶ್ನೆ: ಜಗಳೂರು ತಾಲ್ಲೂಕಿನಲ್ಲಿ, ರಂಗಯ್ಯನದುರ್ಗ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಅಭಯಾರಣ್ಯದ ಕಡೆ ನಮ್ಮ ಹೊಲ. ಸುತ್ತ ತಂತಿಬಲೆ, ರಾತ್ರಿಗೆ ದೊಡ್ಡ ದೀಪ ಹಾಕಿಸಲು ಯೋಚನೆ.

ಉತ್ತರ: ಮೊದಲು ಸರ್ವೆ ನಂಬರ್ ಹಿಡಿದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಅಭಯಾರಣ್ಯದ ಸುತ್ತಲಿನ ಪರಿಸರ ಸೂಕ್ಷ್ಮ ವಲಯಕ್ಕೆ ನಿಮ್ಮ ಹೊಲ ಸೇರಿದೆಯೇ ಎಂಬುದು ನಕ್ಷೆಗಿಂತ ಮುಂಚೆ ಗೊತ್ತಾಗಬೇಕು. ಕೊಂಡುಕುರಿಗೆ ನೀರು ಆಗಾಗ ಬೇಕು, ಅಡಗಲು ಪೊದೆ ಬೇಕು. ಅದು ಹಳ್ಳಕ್ಕೆ ಇಳಿಯುವ ದಾರಿಯನ್ನು ತಂತಿಬಲೆ ಮುಚ್ಚಿಬಿಡುತ್ತದೆ. ಬೇಲಿ ಮನೆಯಂಗಳಕ್ಕೆ ಮಾತ್ರ ಸಾಕು, ಹೊಲದ ಗಡಿಗೆ ಕಳ್ಳಿ, ಕತ್ತಾಳೆಯ ಜೀವಂತ ಬೇಲಿ ಇರಲಿ, ಹಳ್ಳದ ದಡದ ಪೊದೆ ಕಡಿಯಬೇಡಿ. ದೀಪ ಮೂರು ಅಡಿ ಎತ್ತರದ ಗೂಟದ ಮೇಲೆ, ತಲೆಗೆ ಟೋಪಿಯಿಟ್ಟು, ಬೆಳಕು ಕಾಲುದಾರಿಗೆ ಮಾತ್ರ ಬೀಳುವಂತೆ ಹಾಕಿಸಿ. ಬಣ್ಣ ಬಿಳಿ ಬೇಡ, ಹಳದಿ. ಸ್ವಿಚ್ ಮಲಗುವ ಕೋಣೆಯೊಳಗೆ ಇರಲಿ, ಮಲಗುವಾಗ ಆರಿಸಲು ಅನುಕೂಲ.